ಕುಂಕುಮ ಹಚ್ಚಿದ ಹಲಗೆ

ನನ್ನ ಅಣ್ಣನ ಕಣ್ಣು ಕೆಡಿಸಿದವಳು ನಾನು. ಸೂಜಿ ಚುಚ್ಚಲಿಲ್ಲ, ಸುಣ್ಣ ಎರಚಲಿಲ್ಲ. ನಿಜ ಹೇಳಬೇಕೆಂದರೆ ಅವನ ಕಣ್ಣು ಕೆಟ್ಟಿರಲೇ ಇಲ್ಲ. ಚೆನ್ನಾಗಿದ್ದ ಕಣ್ಣು ಕೆಟ್ಟಿವೆ ಎಂದು ಅವನು ನಂಬಿದ, ನಂಬಲು ನಾನು ಬಿಟ್ಟೆ, ಆ ನಂಬಿಕೆಯ ಮೇಲೆ ಹಲವು ವರ್ಷ ಸುಖವಾಗಿ ಬದುಕಿದೆ. ಸುಖವಾಗಿ ಎಂಬ ಮಾತನ್ನು ಒರೆಸಿ ಬೇರೆ ಹಾಕೋಣ ಎಂದುಕೊಂಡೆ. ಆದರೆ ಅದೇ ಸರಿ.

ನಮ್ಮದು ಖಾನಾಪುರದಲ್ಲಿ ಬಡಿಗತನದ ಮನೆ. ಹಿತ್ತಲಲ್ಲಿ ಹಂಚು ಹೊದಿಸಿದ ಚಪ್ಪರ, ಅದೇ ನಮ್ಮ ಕೆಲಸದ ಜಾಗ. ನಾನು ನಾಲ್ಕನೆಯ ಇಯತ್ತೆ ದಾಟಲಿಲ್ಲ. ಬುದ್ಧಿ ಇರಲಿಲ್ಲ ಅಂತಲ್ಲ. ಅಪ್ಪ ಗರಗಸ ಎಳೆಯುವಾಗ ಹಲಗೆಯ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಿತ್ತು, ಸಾಲೆಯಲ್ಲಿ ಕೂತವರಿಂದ ಅದು ಆಗುವುದಿಲ್ಲ. ಅಪ್ಪ ಹೋದ ಮೇಲೆ ಗರಗಸ ಅಣ್ಣನ ಕೈಗೆ ಬಂತು, ತುದಿ ನನ್ನ ಕೈಯಲ್ಲೇ ಉಳಿಯಿತು. ನಡುವೆ ನನ್ನ ಮದುವೆಯೂ ಆಯಿತು. ವರ್ಷ ತುಂಬುವುದರೊಳಗೆ ಟ್ರಂಕು ಹೊತ್ತುಕೊಂಡು ವಾಪಸು ಬಂದೆ. ಅಲ್ಲಿಯೂ ಹಿಡಿಯುವ ಕೆಲಸವೇ ಇತ್ತು, ಹಲಗೆಯ ಬದಲು ನಾಲಿಗೆ. ಹಲಗೆಯೇ ವಾಸಿ ಎನಿಸಿತು.

ಅಣ್ಣ ನನಗಿಂತ ಬಹಳ ದೊಡ್ಡವನು. ಮಾತು ಕಡಿಮೆ, ಮೀಸೆ ಹೆಚ್ಚು. ಅವನ ಆಸ್ತಿಯೆಂದರೆ ಕಣ್ಣು. ಹಲಗೆಯ ಒಂದು ತುದಿಯನ್ನು ಗಲ್ಲಕ್ಕೆ ಹಚ್ಚಿ, ಎಡಗಣ್ಣು ಮುಚ್ಚಿ, ಬಂದೂಕು ಹಿಡಿದವನ ಹಾಗೆ ನೋಡಿ, "ನಡುವ ಹೊಟ್ಟಿ ಬಂದೈತಿ" ಎಂದರೆ ಹೊಟ್ಟೆ ಬಂದಿರುತ್ತಿತ್ತು. ಜಾಂಬೋಟಿ ಕಡೆಯಿಂದ ಸಾಗವಾನಿ ತೊಲೆ ಇಳಿಸಿಕೊಂಡವರು ಮೊದಲು ಇವನನ್ನು ಕರೆದು ತೋರಿಸುತ್ತಿದ್ದರು. ಇಬ್ಬರು ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವಾಗ ನಡುಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ಜಗಳ ಬಿದ್ದರೂ ಅಣ್ಣನೇ ಹೋಗಿ ಒಂದು ಕಣ್ಣು ಮುಚ್ಚಬೇಕು. ಎರಡೂ ಕಣ್ಣು ತೆರೆದು ಅವನು ನೋಡಿದ ಸಂಗತಿಗಳು ಕಡಿಮೆ. ಅದರಲ್ಲಿ ನಾನೂ ಒಬ್ಬಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಬೆಳಗಾವಿಯಲ್ಲಿ ಪ್ಲೈವುಡ್ಡಿನ ಹುಚ್ಚು ಹಿಡಿಯಿತು. ಸಾಗವಾನಿ ತುಟ್ಟಿಯಾಗಿತ್ತು, ಜನಕ್ಕೆ ಗೋಡೆ ತುಂಬ ಕಪಾಟು ಬೇಕಾಗಿತ್ತು. ಪ್ಲೈ ಶೀಟನ್ನು ಕೈಗರಗಸದಲ್ಲಿ ಕೊಯ್ದರೆ ಅಂಚು ಇಲಿ ಕಡಿದ ರೊಟ್ಟಿಯ ಹಾಗೆ ಆಗುತ್ತದೆ. ಆಗ ಅಣ್ಣ ಗೋವಾದಲ್ಲಿ ಹಡಗಿನ ಕೆಲಸ ಬಿಟ್ಟು ಬಂದ ಒಬ್ಬನಿಂದ ಕರೆಂಟಿನ ಗರಗಸ ತಂದ. ಕೈಯಲ್ಲಿ ಹಿಡಿದು ದೂಡುವಂಥದ್ದು, ಕೆಳಗೆ ಸಪಾಟು ತಗಡು, ಅದರ ನಡುವೆ ಗರಗರ ತಿರುಗುವ ಹಲ್ಲಿನ ಚಕ್ರ. ಮೊದಲ ದಿನ ಅದನ್ನು ಚಾಲೂ ಮಾಡಿದಾಗ ಅಣ್ಣನ ಹೆಂಡತಿ, ನನ್ನ ವೈನಿ, ದೇವರ ಮುಂದೆ ಹೋಗಿ ಕೂತಳು. ಅಣ್ಣ ನೇರ ಗೆರೆ ಎಳೆದುಕೊಂಡು ಅದರ ಮೇಲೆ ಮಶೀನು ದೂಡಿದ. ಕೊಯ್ದದ್ದನ್ನು ಎತ್ತಿ ನೋಡಿದರೆ ಹಾವು ಹರಿದ ಹಾಗಿತ್ತು.

"ಮಶೀನಿಗಿ ಕಣ್ಣಿಲ್ಲ," ಎಂದ ಅಣ್ಣ. "ದಾರಿ ನಾವ ತೋರಿಸಬೇಕು."

ಆ ದಾರಿ ಮಾಡಲು ಅವನಿಗೆ ಒಂದು ಮಳೆಗಾಲ ಹಿಡಿಯಿತು. ಬೆಳಗಾವಿಯ ಅಂಗಡಿಗಳಲ್ಲಿ ಕೇಳಿದರೆ ಇಂಥದೊಂದು ಇರುತ್ತದೆ ಎಂದೇ ಯಾರಿಗೂ ಗೊತ್ತಿರಲಿಲ್ಲ, ಎಲ್ಲ ಮನೆಯಲ್ಲೇ ಆಗಬೇಕು. ಮೊದಲು ಒಂದು ಉದ್ದನೆಯ ತೆಳು ಪ್ಲೈ ಹಲಗೆ ತಗೊಂಡ. ಅದರ ಮೇಲೆ ಉದ್ದಕ್ಕೂ ಒಂದು ನೆಟ್ಟನೆಯ ಸಾಗವಾನಿ ಪಟ್ಟಿ ಬಡಿದ. ಮಶೀನಿನ ತಗಡು ಆ ಪಟ್ಟಿಗೆ ತಾಗಿಕೊಂಡು ಓಡಬೇಕು. ಹಾಗೆ ಒಮ್ಮೆ ಓಡಿಸಿದರೆ ಹಲಗೆಯಲ್ಲಿ ಹೆಚ್ಚಾದ ಭಾಗವನ್ನು ಚಕ್ರವೇ ಕತ್ತರಿಸಿ ಹಾಕುತ್ತದೆ. ಉಳಿದ ಅಂಚು ಇದೆಯಲ್ಲ, ಚಕ್ರ ಎಲ್ಲಿ ಹೋಗುತ್ತದೆಯೋ ಅದೇ ಆ ಅಂಚು. ಇನ್ನು ಮೇಲೆ ಗೆರೆಗೆ ಆ ಅಂಚು ಇಟ್ಟು ಮಶೀನು ದೂಡಿದರೆ ಮುಗಿಯಿತು. ನಾವು ಅದಕ್ಕೆ ದಾರಿಹಲಗೆ ಎಂದು ಹೆಸರಿಟ್ಟೆವು. ಜಾರಬಾರದೆಂದು ಅದರ ಹೊಟ್ಟೆಗೆ ಹಳೇ ಸೈಕಲ್ಲಿನ ಟ್ಯೂಬು ಸೀಳಿ ಅಂಟಿಸಿದ. ಮಶೀನು ಸರಾಗ ಓಡಲೆಂದು ಬೆನ್ನಿಗೆ ಮೇಣದಬತ್ತಿ ತಿಕ್ಕಿದ.

ಬೆಂಚಿಗೂ ಅಲಂಕಾರ ಆಯಿತು. ಶೀಟು ಸರಿಯದಂತೆ ತಡೆಯಲು ಬೆಂಚಿಗೆ ತೂತು ಕೊರೆದು ಮರದ ಗೂಟ ಸಿಕ್ಕಿಸಿದ. ಶೀಟಿನ ಕೆಳಗೆ ಹಾಕಲು ಹಾಳು ಕಟ್ಟಿಗೆಯ ಪಟ್ಟಿಗಳು. ಚಕ್ರ ಶೀಟನ್ನು ದಾಟಿ ಕೆಳಗೆ ಇಳಿದಾಗ ಬೆಂಚಿನ ಬದಲು ಆ ಪಟ್ಟಿಗಳಿಗೆ ಏಟು ಬೀಳುತ್ತಿತ್ತು. ನಾನು ಅವಕ್ಕೆ ಸೊಸೆಯಂದಿರು ಎನ್ನುತ್ತಿದ್ದೆ. ಮನೆಯ ಮೇಜು ಹಸನಾಗಿ ಉಳಿಯಬೇಕಾದರೆ ಒಬ್ಬರ ಬೆನ್ನಿನ ಮೇಲೆ ಗೆರೆ ಬೀಳಬೇಕಷ್ಟೆ. ವೈನಿಗೆ ಈ ಹೆಸರು ಬಹಳ ಸೇರಿತು. ಅಣ್ಣನಿಗೆ ಸೇರಲಿಲ್ಲ.

ಎಲ್ಲಕ್ಕಿಂತ ಕಠಿಣ ಕೆಲಸ ಅಡ್ಡಪಟ್ಟಿಯದು. ದಾರಿಹಲಗೆಯ ಒಂದು ತುದಿಯ ಕೆಳಗೆ ಒಂದು ಗಿಡ್ಡ ಪಟ್ಟಿ, ಇಂಗ್ಲಿಷಿನ ಟಿ ಅಕ್ಷರದ ತಲೆಯ ಹಾಗೆ. ಅದನ್ನು ಶೀಟಿನ ಅಂಚಿಗೆ ಒತ್ತಿ ಹಿಡಿದರೆ ದಾರಿಹಲಗೆ ತಾನಾಗಿ ಕಾಟಕೋನದಲ್ಲಿ, ಅಂದರೆ ಅಂಚಿಗೆ ಲಂಬವಾಗಿ, ಅಡ್ಡ ಮಲಗಬೇಕು. ಗೆರೆ ಎಳೆಯುವ ಗೊಡವೆ ಇಲ್ಲ, ಒಂದು ಚುಕ್ಕೆ ಇಟ್ಟರೆ ಸಾಕು. ಅಣ್ಣ ಅದಕ್ಕೆ ಸ್ಕ್ರೂ ಹಾಕಿ, ಒಂದು ತುಂಡು ಕೊಯ್ದು, ಆ ತುಂಡನ್ನು ಮಗುಚಿ ಮತ್ತೆ ಕೊಯ್ದ ಜಾಗಕ್ಕೇ ಜೋಡಿಸಿ ನೋಡುತ್ತಿದ್ದ. ಕೋನ ಕೂದಲಷ್ಟು ತಪ್ಪಿದ್ದರೂ ಮಗುಚಿದಾಗ ಅದು ಎರಡು ಪಟ್ಟಾಗಿ ನಡುವೆ ಬೆಳಕು ಕಾಣುತ್ತದೆ. ಬೆಳಕು ಕಂಡರೆ ಸ್ಕ್ರೂ ಸಡಿಲಿಸಿ, ಬೆರಳಿನಿಂದ ತಟ್ಟಿ, ಮತ್ತೆ ಬಿಗಿದು, ಮತ್ತೆ ಕೊಯ್ಯುವುದು. ಒಂದಿಡೀ ದಿನ ಹಾಗೆ ತಟ್ಟಿದ. ಸಂಜೆ ತುಂಡುಗಳೆರಡೂ ಕೂಡಿಕೊಂಡವು, ನಡುವೆ ಏನೂ ಇರಲಿಲ್ಲ. ಅಣ್ಣ ನಕ್ಕದ್ದನ್ನು ಅವತ್ತು ನೋಡಿದೆ.

ಅದರ ಮುಂದಿನ ವಾರವೇ ಖಂಡೇನವಮಿ ಬಂತು. ಅವತ್ತು ನಮ್ಮಲ್ಲಿ ಉಳಿ, ರಂದಾ, ಗರಗಸ, ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ದಾರಿಹಲಗೆಯನ್ನು ಗೋಡೆಗೆ ಒರಗಿಸಿ ನಡುಮಧ್ಯ ನಿಲ್ಲಿಸಿದರು. ಅಣ್ಣ ವಿಭೂತಿ ಬಳಿದು, ಕುಂಕುಮದ ಬೆರಳನ್ನು ಹಲಗೆಯಿಂದ ಅಡ್ಡಪಟ್ಟಿಯವರೆಗೆ ಒಂದೇ ಎಳೆತಕ್ಕೆ ಎಳೆದ. ಕಾಯಿ ಒಡೆದ. ಅಷ್ಟೇ ನೋಡಿ, ದಾರಿಹಲಗೆ ದೇವರಾಯಿತು. ಮರುದಿನದಿಂದ ಅದನ್ನು ಕಾಲಿನಿಂದ ಸರಿಸುವಂತಿಲ್ಲ, ದಾಟುವಂತಿಲ್ಲ. ಕಾಟಕೋನ ನೋಡುವ ಕಬ್ಬಿಣದ ಗುಣ್ಯಾ ಎದುರಿನ ಮೊಳೆಗೇ ತೂಗಾಡುತ್ತಿದ್ದರೂ ಅದನ್ನು ದಾರಿಹಲಗೆಗೆ ಹಚ್ಚಿ ಮತ್ತೊಮ್ಮೆ ಪರೀಕ್ಷೆ ಮಾಡುವ ಮಾತಂತೂ ಇಲ್ಲವೇ ಇಲ್ಲ. ಪೂಜೆಯಾದ ದೇವರಿಗೆ ಗುಣ್ಯಾ ಹಚ್ಚಿ ನೀನು ನೆಟ್ಟಗಿದ್ದೀಯಾ ಎಂದು ಯಾರು ಕೇಳುತ್ತಾರೆ? ಕೇಳಿದ್ದರೆ ಎಷ್ಟು ದೇವರು ಉಳಿಯುತ್ತಿದ್ದವೋ ಗೊತ್ತಿಲ್ಲ.

ನನಗೆ ಕೊಯ್ಯಬೇಕಿತ್ತು. ಅದೊಂದೇ ನನಗೆ ಬೇಕಾಗಿದ್ದದ್ದು. ಮಶೀನು ಪ್ಲೈಗೆ ಬಾಯಿ ಹಾಕುವಾಗಿನ ಆ ಸದ್ದು, ಹಿಂದೆ ಹಾರುವ ಹೊಟ್ಟು, ಎರಡಾಗಿ ಬಿಡಿಸಿಕೊಳ್ಳುವ ಶೀಟು, ಎಲ್ಲವನ್ನೂ ತುದಿ ಹಿಡಿದು ನಿಂತು ನೋಡಿ ನೋಡಿ ಕೈ ಕಡಿಯುತ್ತಿತ್ತು. ಒಂದು ಸಲ ಕೇಳಿದೆ.

"ಬೆರಳ ಹಾರತಾವ," ಎಂದ ಅಣ್ಣ. "ಆಮ್ಯಾಲ ರೊಟ್ಟಿ ಯಾತರ್ಲೇ ಬಡೀತಿ?"

"ನಿನ್ನ ಬೆರಳ ಹಾರಿದ್ರ ನೀ ಯಾತರ್ಲೇ ತಿಂತಿ?"

"ಹಿಡಿ ಸುಮ್ಮನ."

ಹಿಡಿದೆ.

ಮರುವರ್ಷ ಮಳೆಗಾಲದಲ್ಲಿ ಅವನು ಕಟ್ಟಿಗೆ ನೋಡಲು ಜಾಂಬೋಟಿಗೆ ಹೋದ. ಅಲ್ಲಿ ಮಳೆ ಹಿಡಿದರೆ ಬಸ್ಸು ನಿಂತುಬಿಡುತ್ತದೆ, ಆ ದಿನ ವಾಪಸು ಬರುವುದಿಲ್ಲ ಎಂದು ನನಗೆ ಗೊತ್ತು. ಹಾಲಿಟ್ಟ ಗೂಡಿಗೆ ಬಾಗಿಲಿಲ್ಲದೆ ಬೆಕ್ಕು ಬಂದು ನೆಕ್ಕಿ ಹೋಗುತ್ತದೆ ಎಂದು ವೈನಿ ಆರು ತಿಂಗಳಿಂದ ಒದರುತ್ತಿದ್ದಳು. ಬೆಕ್ಕಿನ ನೆಪ ಮಾಡಿಕೊಂಡೆ. ಒಂದು ಪ್ಲೈ ತುಂಡನ್ನು ಬೆಂಚಿಗೆ ಹಾಕಿ, ಕೆಳಗೆ ಸೊಸೆಯಂದಿರನ್ನು ಕೊಟ್ಟು, ದಾರಿಹಲಗೆ ಇಟ್ಟು, ಅಡ್ಡಪಟ್ಟಿಯನ್ನು ಅಂಚಿಗೆ ಒತ್ತಿ, ಮಶೀನು ಚಾಲೂ ಮಾಡಿದೆ.

ಗಂಡನ ಮನೆಯಲ್ಲಿ ಒಂದು ವರ್ಷದಲ್ಲಿ ಆಗದ ಸಂತೋಷ ಅರ್ಧ ನಿಮಿಷದಲ್ಲಿ ಆಯಿತು. ಇದನ್ನು ಹೀಗೆ ಬರೆಯಬಾರದೇನೋ. ಆದರೂ ಆಯಿತು.

ಬಾಗಿಲು ಚೆಂದ ಬಂತು. ಆ ಖುಷಿಯಲ್ಲಿ ದಾರಿಹಲಗೆಯನ್ನು ಎತ್ತಿ ಗರ್ರನೆ ತಿರುಗಿದೆ. ಅದರ ಉದ್ದ ಎಷ್ಟಿದೆ ಎಂಬುದು ನೆನಪಿರಲಿಲ್ಲ. ತುದಿ ಹೋಗಿ ಚಪ್ಪರದ ಕಂಬಕ್ಕೆ ಬಡಿಯಿತು, ಕೈ ಜಾರಿ ಹಲಗೆ ಕೆಳಗೆ ಕಲ್ಲಿನ ಮೇಲೆ ಬಿತ್ತು, ಅಡ್ಡಪಟ್ಟಿ ಮೊದಲು. ಎತ್ತಿ ನೋಡಿದರೆ ಒಂದು ಸ್ಕ್ರೂ ಕಿತ್ತು ಬಂದು ಪಟ್ಟಿ ವಾರೆಯಾಗಿ ಜೋಲುತ್ತಿತ್ತು.

ಒಳಗಿನಿಂದ ವೈನಿ, "ಏನ ಬಿತ್ತು?" ಎಂದು ಕೇಳಿದಳು.

"ಬೆಕ್ಕು," ಎಂದೆ.

ಇಲ್ಲಿಯವರೆಗೆ ಆದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಹಲಗೆ ಬೀಳುತ್ತದೆ. ಮುಂದಿನದಕ್ಕಿದೆ. ಅಡ್ಡಪಟ್ಟಿಯನ್ನು ಹೇಗೆ ಕೂಡಿಸಬೇಕು ಎಂದು ಒಂದಿಡೀ ದಿನ ನಿಂತು ನೋಡಿದವಳು ನಾನು. ಕೊಯ್ದು, ಮಗುಚಿ, ಬೆಳಕು ನೋಡಬೇಕಿತ್ತು. ಮೊಳೆಯಿಂದ ಗುಣ್ಯಾ ತೆಗೆದು ಹಚ್ಚಬಹುದಿತ್ತು. ಎರಡೂ ಮಾಡಲಿಲ್ಲ. ಹೋದ ವರ್ಷದ ಕುಂಕುಮದ ಗೆರೆ ಹಲಗೆಯ ಮೇಲೂ ಇತ್ತು, ಅಡ್ಡಪಟ್ಟಿಯ ಮೇಲೂ ಇತ್ತು. ಎರಡೂ ಗೆರೆ ಕೂಡುವ ಹಾಗೆ ಪಟ್ಟಿಯನ್ನು ಹಿಡಿದು ಸ್ಕ್ರೂ ತಿರುಗಿಸಿಬಿಟ್ಟೆ. ದೇವರೇ ಗುರುತು ಹಾಕಿಕೊಟ್ಟಿದ್ದಾನೆ, ಇನ್ನೇನು ಬೇಕು ಎಂದುಕೊಂಡೆ. ಅದು ಅಣ್ಣನ ಹೆಬ್ಬೆರಳಿನಷ್ಟು ದಪ್ಪದ ಗೆರೆ. ಅದರೊಳಗೆ ಒಂದು ಸೂತ ಆಚೀಚೆಯಾದರೆ ಯಾವ ದೇವರಿಗೂ ತಿಳಿಯುವುದಿಲ್ಲ. ಸೂತವೆಂದರೆ ಇಂಚಿನ ಎಂಟನೆಯ ಒಂದು ಪಾಲು, ಬಡಿಗರು ಹೊಡೆದಾಡುವುದೆಲ್ಲ ಅದರೊಳಗೇ.

ಅಣ್ಣ ಮರುದಿನ ಬಂದ. ಹಾಲಿನ ಗೂಡಿನ ಬಾಗಿಲು ನೋಡಿದ. ಕೈಗರಗಸದಲ್ಲಿ ಕೊಯ್ದೆ ಎಂದೆ. "ಅಂಚು ಚಂದ ಬಂದೈತಿ" ಎಂದು ಹಾಲು ಕುಡಿದ.

ಆಮೇಲೆ ಬೆಳಗಾವಿಯ ಚಾಚಾನ ಕೆಲಸ ಬಂತು. ಚಾಚಾನದು ಅರಿವೆ ಅಂಗಡಿ, ಅಜ್ಜಮುತ್ತಜ್ಜಂದಿರ ಕಾಲದ್ದು. ಈಗ ಹೊಸದಾಗಿ ಕಟ್ಟಿಸಿ ಗೋಡೆ ತುಂಬ ಕಪಾಟು, ಅದಕ್ಕೆಲ್ಲ ಜೋಡಿ ಬಾಗಿಲು ಎಂದು ಹೇಳಿದ್ದ. ಮನೆಯಲ್ಲಿ ಉರ್ದು ಆಡುತ್ತಿದ್ದ ಚಾಚಾ ನಮ್ಮ ಜೊತೆ ಕನ್ನಡ, ಗಿರಾಕಿಗಳ ಜೊತೆ ಮರಾಠಿ, ಲೆಕ್ಕದ ಜೊತೆ ಬೈಗುಳ ಆಡುತ್ತಿದ್ದ. ಅಣ್ಣ ಖಾನಾಪುರದಲ್ಲೇ ಎಲ್ಲ ಬಾಗಿಲು ಕೊಯ್ದ. ಚುಕ್ಕೆ ಇಡುವುದು, ದಾರಿಹಲಗೆ ಒತ್ತುವುದು, ದೂಡುವುದು. ಪೂಜೆಯಾದ ಹಲಗೆ ಎಂದು ಕೊಯ್ದದ್ದನ್ನು ಕಣ್ಣಿಗೆ ಹಚ್ಚಿ ನೋಡಲೂ ಇಲ್ಲ. ತುದಿಯಲ್ಲಿ ನಾನಿದ್ದೆ. ಅಡ್ಡಪಟ್ಟಿ ಕಣ್ಣಿಗೆ ನೆಟ್ಟಗೇ ಕಾಣುತ್ತಿತ್ತು. ನೆಟ್ಟಗಿದೆ ಎಂದು ನಾನೂ ನಂಬಿದ್ದೆ, ಅಥವಾ ನಂಬಲು ಬಹಳ ಪ್ರಯತ್ನ ಮಾಡುತ್ತಿದ್ದೆ.

ಟೆಂಪೊದಲ್ಲಿ ಹಾಕಿಕೊಂಡು ಪೀರನವಾಡಿ ದಾಟಿ ಬೆಳಗಾವಿಗೆ ಒಯ್ದೆವು. ಬಿಜಾಗರಿ ಹಚ್ಚಿ ಒಂದೊಂದೇ ಬಾಗಿಲು ಕೂಡಿಸುತ್ತ ಬಂದ ಅಣ್ಣ ಮೂರನೆಯ ಜೋಡಿಗೆ ನಿಂತ. ಒಂದು ಬಾಗಿಲಿನ ತಲೆ ಎಡಕ್ಕೆ ಇಳಿದಿತ್ತು, ಪಕ್ಕದ್ದು ಬಲಕ್ಕೆ. ಒಂದು ಮೂಲೆಯಲ್ಲಿ ಬೆಂಕಿಕಡ್ಡಿ ತೂರುತ್ತಿತ್ತು, ಇನ್ನೊಂದು ಮೂಲೆ ಮೇಲಿನ ಚೌಕಟ್ಟಿಗೆ ಉಜ್ಜುತ್ತಿತ್ತು. ಹಿಂದೆ ಸರಿದು ನಿಂತು ನೋಡಿದರೆ ಗೋಡೆಯೇ ಹಲ್ಲು ಕಿರಿದ ಹಾಗೆ.

ಚಾಚಾ ಗಲ್ಲೆಯ ಹಿಂದಿನಿಂದ ಎದ್ದು ಬಂದ.

"ಮಿಸ್ತ್ರಿ, ನಿಮ್ಮ ಬಾಗಿಲಾ ಒಂದಕ್ಕೊಂದು ಮಾತ ಬಿಟ್ಟಾವೇನ್ರಿ? ಒಂದರ ಮುಖಾ ಆ ಕಡೆ, ಒಂದರದು ಈ ಕಡೆ."

"ಗ್ವಾಡಿ ವಂಕ ಇರಬೇಕ್ರಿ ಚಾಚಾ," ಎಂದ ಅಣ್ಣ.

"ಗ್ವಾಡಿ ಕಟ್ಟಿದಾಂವಾ ನಮ್ಮ ಅಳಿಯಾ ಅದಾನ್ರಿ. ವಂಕ ಇದ್ರ ಹೇಳ್ರಿ, ಹೇಳಾಕ ನನಗೂ ಭಾಳ ದಿನದಿಂದ ಆಸೆ ಐತಿ."

ಅಣ್ಣ ತೂಕದ ಗುಂಡು ಇಳಿಬಿಟ್ಟು ನೋಡಿದ. ಗೋಡೆ ನೆಟ್ಟಗಿತ್ತು. ಚೌಕಟ್ಟೂ ನೆಟ್ಟಗಿತ್ತು. ಆಮೇಲೆ ಎಡಗಣ್ಣು ಮುಚ್ಚಿ ಬಾಗಿಲಿನ ತಲೆಯನ್ನು ನೋಡಿದ. ಬಲಗಣ್ಣು ಮುಚ್ಚಿ ನೋಡಿದ. ಹಿಂದೆಂದೂ ಅವನು ಬಲಗಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಹಾಗೇ ಅರಿವೆಯ ಗಂಟಿನ ಮೇಲೆ ಕೂತುಬಿಟ್ಟ.

ನನಗೆ ಆಗಲೇ ಎಲ್ಲ ತಿಳಿದುಹೋಗಿತ್ತು. ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಮಳಿಗಾಲ ಅಲ್ಲಣ್ಣ, ಉಬ್ಬಿರತಾವ."

"ಪ್ಲೈ ಎಲ್ಲರೆ ಉಬ್ಬತೈತೇನ?" ಎಂದ. ನನ್ನ ಕಡೆ ನೋಡಲಿಲ್ಲ. "ಇಷ್ಟು ವಂಕ ಐತಿ. ಕೊಯ್ಯೂವಾಗ ನನಗ ಕಾಣಲಿಲ್ಲ ನೋಡು."

ಅವನು ಹಲಗೆಯನ್ನು ಸಂಶಯಪಡಲಿಲ್ಲ. ನನ್ನನ್ನು ಸಂಶಯಪಡಲಿಲ್ಲ. ಚಾಚಾನ ಅಳಿಯನನ್ನೂ ಬಿಟ್ಟುಬಿಟ್ಟ. ಉಳಿದದ್ದು ಅವನ ಕಣ್ಣು ಮಾತ್ರ.

ಬಾಗಿಲುಗಳನ್ನು ಇಳಿಸಿ ಅಲ್ಲೇ ತಲೆಗೆ ರಂದಾ ಹೊಡೆದು ಹೊಡೆದು ಹೇಗೋ ಒಂದು ಸಾಲಿಗೆ ತಂದ. ಚಾಚಾ ಒಳ್ಳೆಯವನು, ಚಹಾ ತರಿಸಿದ, ಆಮೇಲೆ ಮಾತು ತೆಗೆಯಲಿಲ್ಲ. ಖಾನಾಪುರದ ಬಸ್ಸಿನಲ್ಲಿ ಅಣ್ಣ ಕಿಟಕಿಯಿಂದ ಹೊರಗೆ ಕರೆಂಟಿನ ಕಂಬಗಳನ್ನು ಒಂದೊಂದಾಗಿ ಒಂದು ಕಣ್ಣು ಮುಚ್ಚಿ ನೋಡುತ್ತ ಬಂದ. ದಾರಿಯುದ್ದಕ್ಕೂ ನಾನು ಮಾತು ಕೂಡಿಸಿದೆ. ಅಣ್ಣಾ, ಒಂದು ಹೇಳೂದಿತ್ತು. ಅಣ್ಣಾ, ಆ ಜಾಂಬೋಟಿಗೆ ಹೋದ ದಿನ. ಊರು ಬಂತು, ಇಳಿದೆವು.

ಮನೆಯಲ್ಲಿ ಔಷಧ ಶುರುವಾಯಿತು. ವೈನಿ ದಿನಾ ಹೊನಗೊನ್ನೆ ಸೊಪ್ಪಿನ ಪಲ್ಯ ಮಾಡಿದಳು. ಅಂಗಾಲಿಗೆ ಔಡಲೆಣ್ಣೆ ತಿಕ್ಕಿದಳು. ಪಕ್ಕದ ಮನೆಯ ಮರಾಠಿ ಮಾವಶಿ ಕಣ್ಣಿಗೆ ಜೇನು ಬಿಡಬೇಕೆಂದಳು, ಬಿಟ್ಟರು, ಅಣ್ಣ ಕುಣಿದಾಡಿಬಿಟ್ಟ. ಕೊನೆಗೆ ಬೆಳಗಾವಿಯ ಕಣ್ಣಿನ ಡಾಕ್ಟರ ಕಡೆ ಹೋದ. ಡಾಕ್ಟರರು ವಯಸ್ಸು ಕೇಳಿದರು. ನಲವತ್ತು ದಾಟಿದೆ ಎಂದ. ಹಾಗಾದರೆ ಕನ್ನಡಕ ಬೇಕು ಎಂದರಂತೆ. ಅಣ್ಣನ ಪಾಲಿಗೆ ಅದು ತೀರ್ಪು. ಕನ್ನಡಕ ಹಾಕಿಕೊಂಡು ಬಂದವನು ಚಪ್ಪರಕ್ಕೆ ನಡೆದ, ವಾಯರು ಸುತ್ತಿ ಮಶೀನನ್ನು ತಂದು ನನ್ನ ಕೈಗೆ ಕೊಟ್ಟ.

"ಇನ್ನ ನೀ ಕೊಯ್ಯಿ. ನಿನ್ನ ಕಣ್ಣು ಇನ್ನೂ ಹೊಸಾವ ಅದಾವ."

ಎರಡು ವರ್ಷ ನಾನು ಕಂಡ ಕನಸು ಕೈಯಲ್ಲಿತ್ತು. ಬೆಚ್ಚಗಿತ್ತು ಕೂಡ, ಅವನು ಎದೆಗವಚಿಕೊಂಡು ತಂದಿದ್ದ. ಹೇಳಬೇಕಾದ ಹೊತ್ತು ಯಾವುದಾದರೂ ಇದ್ದರೆ ಅದು ಅದೇ.

"ಆತು," ಎಂದೆ.

ಮರುದಿನ ಅವನು ಸಂತೆಗೆ ಹೋದಾಗ ಅಡ್ಡಪಟ್ಟಿಯ ಸ್ಕ್ರೂ ಬಿಚ್ಚಿದೆ. ಕೊಯ್ದೆ, ಮಗುಚಿದೆ, ಬೆಳಕು ನೋಡಿದೆ, ತಟ್ಟಿದೆ. ಅವನು ಬರುವುದರೊಳಗೆ ಬೆಳಕು ಹೋಗಿತ್ತು. ಕುಂಕುಮದ ಗೆರೆ ನಡುವೆ ಮುರಿದಂತೆ ಕಾಣುತ್ತಿತ್ತು, ಅದಕ್ಕೆ ಹೊಸ ಕುಂಕುಮ ಹಚ್ಚಿ ಸರಿಮಾಡಿದೆ. ಅವತ್ತಿನಿಂದ ನಮ್ಮ ಚಪ್ಪರದಿಂದ ಹೊರಟ ಒಂದು ಬಾಗಿಲೂ ವಾರೆಯಾಗಲಿಲ್ಲ. ಊರಿನವರು ಏನನ್ನಬೇಕು? ಅಣ್ಣನಿಗಿಂತ ತಂಗಿಯ ಕೈ ವಾಸಿ ಎಂದರು. ಮೊದಮೊದಲು ಹೆಣ್ಣುಬಡಿಗಿ ಎಂದು ನಗುತ್ತಿದ್ದವರು ಆಮೇಲೆ, "ತಂಗೀನ ಕೊಯ್ದಿದ್ದ ಇರಲಿ ನೋಡ್ರಿ" ಎಂದು ಅಣ್ಣನ ಮುಂದೆಯೇ ಹೇಳತೊಡಗಿದರು. ಅಣ್ಣ ತಲೆಯಾಡಿಸುತ್ತಿದ್ದ. ಮನೆಮನೆಗೆ ಹೋಗಿ ಅಳತೆ ತರುವುದು, ಗಿರಾಕಿಗಳ ಜೊತೆ ಚಹಾ ಕುಡಿಯುವುದು ಈಗ ಅವನ ಕೆಲಸ. ಪ್ರತಿ ಖಂಡೇನವಮಿಗೆ ಕನ್ನಡಕ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು ದಾರಿಹಲಗೆಗೆ ಕುಂಕುಮ ಎಳೆಯುತ್ತಿದ್ದ. ನಾನು ಆರತಿ ತಟ್ಟೆ ಹಿಡಿದು ನಿಲ್ಲುತ್ತಿದ್ದೆ. ದೇವರಿಗೂ ನನಗೂ ಅಷ್ಟು ಹೊತ್ತು ಒಬ್ಬರ ಮುಖ ಒಬ್ಬರು ನೋಡುವುದು ಕಷ್ಟವಾಗುತ್ತಿತ್ತು.

ಹೀಗೆ ವರ್ಷಗಳು ಹೋದವು. ಎಂಬತ್ತರ ದಶಕವೂ ಮುಕ್ಕಾಲು ಸವೆಯಿತು. ಒಂದು ದಿನ ಚಾಚಾ ಹೇಳಿಕಳಿಸಿದ. ಹಳೇ ವಾಡೆ ಒಡೆದವರಿಂದ ಸಾಗವಾನಿ ತೊಲೆಗಳನ್ನು ಕೊಳ್ಳುವವನಿದ್ದ, ಅಣ್ಣ ಬಂದು ನೋಡಬೇಕಂತೆ. ಇಬ್ಬರೂ ಹೋದೆವು. ಅಣ್ಣ ಒಂದು ತೊಲೆಯ ತುದಿಗೆ ಮಂಡಿಯೂರಿ ಕೂತ, ಅಭ್ಯಾಸಬಲ, ಕನ್ನಡಕ ತೆಗೆದು ಎಡಗಣ್ಣು ಮುಚ್ಚಿದ. ಅವನ ಮುಖ ನೋಡಿದರೆ ಸಾಕು, ತೊಲೆ ತಿರುಚಿದೆ ಎಂದು ಅವನಿಗೆ ಕಂಡಿದೆ. ನನಗೂ ಕಂಡಿತ್ತು. ಚಾಚಾ ಕಾಯುತ್ತಿದ್ದ.

ಅಣ್ಣ ಎದ್ದು ನನ್ನ ಹತ್ತಿರ ಬಂದು, ಚಾಚಾನಿಗೆ ಕೇಳದಂತೆ, ಸಾಲೆಯ ಹುಡುಗ ಪಕ್ಕದವನ ಪಾಟಿ ನೋಡುವ ಹಾಗೆ, "ತಿರುಚೇತಲ್ಲ?" ಎಂದ. "ನನಗ ಹಂಗ ಕಂಡಂಗ ಆತು. ಖರೇ ಏನ?"

ತಿರುಚಿದೆ ಎಂದು ಚಾಚಾನಿಗೆ ನಾನೇ ಹೇಳಿ ಅಣ್ಣನನ್ನು ಹೊರಡಿಸಿದೆ. ಬಸ್ ಸ್ಟ್ಯಾಂಡಿನಲ್ಲಿ ಬೆಂಚಿನ ಮೇಲೆ ಕೂಡಿಸಿ ಎಲ್ಲ ಹೇಳಿದೆ. ಬೆಕ್ಕು, ಹಾಲಿನ ಗೂಡು, ಕಂಬ, ಕಲ್ಲು, ಕುಂಕುಮ, ಕಿತ್ತ ಸ್ಕ್ರೂ, ಆಮೇಲೆ ಕದ್ದು ಸರಿಮಾಡಿದ್ದು. ಅಳಬಾರದೆಂದು ಬಹಳ ಜೋರಾಗಿ ಹೇಳಿದೆ. ಪಕ್ಕದಲ್ಲಿ ಕಡಲೆ ತಿನ್ನುತ್ತಿದ್ದ ಮುದುಕಿಯೂ ಪೂರ್ತಿ ಕೇಳಿದಳು.

ಅಣ್ಣ ನನ್ನ ತಲೆಯ ಮೇಲೆ ಕೈಯಿಟ್ಟ. ಹುಟ್ಟಿದ ಮೇಲೆ ಮೊದಲ ಸಲ ಇರಬೇಕು.

"ನನ್ನ ಸಮಾಧಾನಕ್ಕ ಇಷ್ಟೆಲ್ಲಾ ಕಟ್ಟಿ ಏನವಾ?"

"ಕಟ್ಟಿಲ್ಲೋ ಅಣ್ಣಾ. ಖರೇನ ಆಗೇತಿ."

"ಗೊತ್ತೈತಿ ತಗೋ. ನಿನ್ನ ಮನಸು ಗೊತ್ತೈತಿ."

"ಅಡ್ಡಪಟ್ಟಿ ನಾನ ಬೀಳಿಸೇನಿ ಅಂತೀನಿ."

"ಪೂಜಿ ಆದ ಹಲಗಿ ಅದು. ಅದರ ಮ್ಯಾಲ ಸುಳ್ಳ ಹೇಳಬ್ಯಾಡ, ಪಾಪ ಬರತೈತಿ. ನನ್ನ ಕಣ್ಣು ಕೆಟ್ಟಾವ, ಕೆಟ್ಟಾವ. ಡಾಕ್ಟರ ಹೇಳ್ಯಾನ."

ಮುದುಕಿ ಅಣ್ಣನ ಕಡೆ ತಿರುಗಿ, "ಇಂಥಾ ತಂಗಿ ಸಿಗೂದಿಲ್ರಿ" ಎಂದಳು.

ಸತ್ಯ ಹೇಳಿದ್ದಕ್ಕೆ ನನಗೆ ಒಳ್ಳೆಯವಳೆಂಬ ಹೆಸರು ಬಂತು. ಅಣ್ಣ ಮನೆಗೆ ಬಂದು ವೈನಿಗೆ ಹೇಳಿದ, ವೈನಿ ಮಾವಶಿಗೆ ಹೇಳಿದಳು, ಖಾನಾಪುರದ ಅರ್ಧ ಊರಿಗೆ ಗೊತ್ತಾಯಿತು. ಅಣ್ಣನ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡ ತಂಗಿ. ವೈನಿ ಎರಡು ದಿನ ನನಗೆ ಮೊದಲು ಬಡಿಸಿದಳು. ಸುಳ್ಳು ಹೇಳಿದ್ದಾಗ ಹೀಗೆ ಉಸಿರು ಕಟ್ಟಿರಲಿಲ್ಲ.

ಬಾಯಿಯ ಮಾತು ಆಗದಿದ್ದರೆ ಕಣ್ಣಿಗೆ ತೋರಿಸೋಣ ಎಂದುಕೊಂಡೆ. ಒಂದು ಮಧ್ಯಾಹ್ನ ಅಡ್ಡಪಟ್ಟಿಯ ಸ್ಕ್ರೂ ಸಡಿಲಿಸಿ, ಅವತ್ತು ಇದ್ದಷ್ಟೇ ವಾರೆ ಮಾಡಿ ಬಿಗಿದೆ. ಅದರಲ್ಲೇ ಎರಡು ತುಂಡು ಕೊಯ್ದೆ, ಎದುರುಬದುರು ತಿರುಗಿಸಿ ಗೋಡೆಗೆ ನಿಲ್ಲಿಸಿದೆ. ಚಾಚಾನ ಅಂಗಡಿಯ ಬಾಗಿಲುಗಳು ನಿಂತಿದ್ದ ಹಾಗೇ ನಿಂತವು, ಒಂದರ ತಲೆ ಆ ಕಡೆ, ಒಂದರದು ಈ ಕಡೆ. ಇದನ್ನು ನೋಡಿದರೆ ಅವನಿಗೆ ತಿಳಿಯಲೇಬೇಕು. ಕರೆದೆ.

ಅಣ್ಣ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದ. ಕನ್ನಡಕ ಒಳಗೇ ಬಿಟ್ಟು ಬಂದಿದ್ದ. ಚಪ್ಪರದ ಬಾಗಿಲಲ್ಲಿ ಕಾಲಿಟ್ಟವನು ಅಲ್ಲೇ ನಿಂತ.

"ವಂಕ ಐತಿ," ಎಂದ. "ಮುಕ್ಕಾಲು ಸೂತ. ಎರಡೂ."

ಹತ್ತಿರ ಬಂದಿರಲಿಲ್ಲ. ಕಣ್ಣು ಮುಚ್ಚಿರಲಿಲ್ಲ. ಅಳತೆ ಮಾಡಿ ನೋಡಿದೆ, ಮುಕ್ಕಾಲು ಸೂತವೇ ಇತ್ತು.

"ನೋಡು," ಎಂದೆ. "ಅಲ್ಲಿಂದ ಕಂಡೈತಿ ನಿನಗ. ಕನ್ನಡಕ ಇಲ್ಲದ. ಇನ್ನರೆ ನಂಬತೀಯೋ ಇಲ್ಲೋ?"

ಅವನು ನನ್ನನ್ನೇ ನೋಡುತ್ತಿದ್ದ, ಎರಡೂ ಕಣ್ಣು ತೆರೆದು. ಮುಖದಲ್ಲಿ ಸಿಟ್ಟಿರಲಿಲ್ಲ, ಸಂಶಯವೂ ಇರಲಿಲ್ಲ. ಇದ್ದದ್ದು ಚಿಂತೆ.

"ಇಷ್ಟು ವಂಕ ಕುರುಡರಿಗೂ ಕಾಣತೈತಿ," ಎಂದ. "ನಿನಗ ಕಾಣಲಿಲ್ಲೇನ?"

"ನಾನ ಬೇಕಂತ ಮಾಡೇನೋ ಮಾರಾಯಾ."

"ನಾನೂ ಅವತ್ತ ಏನೇನರೆ ಅಂದಿದ್ದೆ. ಗ್ವಾಡಿ ವಂಕ ಐತಿ ಅಂದಿದ್ದೆ." ಬಂದು ನನ್ನ ಕೈಯಿಂದ ಮಶೀನು ತೆಗೆದುಕೊಂಡ. "ಸರಿ ಆ ಕಡೆ. ನಮ್ಮ ಮನಿತನಕ್ಕ ಕಣ್ಣಿನ ಬ್ಯಾನಿ ಐತಿ ಕಾಣತೈತಿ. ಬೆರಳ ಹಾರಸ್ಕೊಂಡಿ."

ಹೊಸ ಶೀಟು ಎಳೆದು ಬೆಂಚಿಗೆ ಹಾಕಿದ. ದಾರಿಹಲಗೆಯನ್ನು ಎತ್ತಿ ಶೀಟಿನ ಮೇಲೆ ಇಟ್ಟ. ಅಡ್ಡಪಟ್ಟಿಯನ್ನು ಅಂಚಿಗೆ ಒತ್ತಿದವನು ತಡೆದ. ಬಗ್ಗಿ ನೋಡಿದ. ಕೈ ಮುಗಿದು, ಸ್ಕ್ರೂಡ್ರೈವರ್ ತೆಗೆದುಕೊಂಡು ಸಡಿಲಿಸಿ, ಬೆರಳಿನಿಂದ ತಟ್ಟಿ ಬಿಗಿದ. ದೇವರಿಗೂ ಆಗಾಗ ವಯಸ್ಸಾಗುತ್ತದೆ ಎಂದೋ ಏನೋ ಗೊಣಗಿದ. ಅದು ನನ್ನ ಕೈವಾಡ ಎಂದು ಆಗಲೂ ಅವನಿಗೆ ಹೊಳೆಯಲಿಲ್ಲ. ಹೊಳೆಯಲಿ, ಹೊಳೆಯಲಿ ಎಂದು ಮನಸ್ಸಿನಲ್ಲೇ ಒದರುತ್ತಿದ್ದೆ. ಕೊಯ್ದ, ಮಗುಚಿದ, ಬೆಳಕಿಗೆ ಹಿಡಿದು ನೋಡಿದ. ಮತ್ತೆ ತಟ್ಟಿದ.

ನಾನು ಅವನಿಗೆ ಅದೇ ಕಥೆಯನ್ನು ಆಮೇಲೂ ಹೇಳಿದ್ದೇನೆ. ಪ್ರತಿ ಸಲ ತಲೆಯ ಮೇಲೆ ಕೈಯಿಡುತ್ತಾನೆ, ಅದಕ್ಕೆ ಈಗ ಬಿಟ್ಟಿದ್ದೇನೆ. ನಂಬಿದ್ದರೆ ಬೈಯುತ್ತಿದ್ದ, ಬೈದಿದ್ದರೆ ನನ್ನದು ಮುಗಿಯುತ್ತಿತ್ತು. ಅದು ಆಗಲಿಲ್ಲ. ಆ ಮಧ್ಯಾಹ್ನ ಮಾತ್ರ ಅವನು ಒಂದಾದ ಮೇಲೊಂದು ಶೀಟು ಕೊಯ್ದ. ಹೊಟ್ಟು ಮೀಸೆಯ ತುಂಬ ಕೂತಿತ್ತು. ಪ್ರತಿ ಸಲ ತುಂಡನ್ನು ಎತ್ತಿ ಎಡಗಣ್ಣು ಮುಚ್ಚಿ ನೋಡಿ, ಸರಿ ಕಂಡದ್ದನ್ನು ಬಲಕ್ಕಿಟ್ಟ, ಸರಿ ಕಾಣದ್ದನ್ನು ಎಡಕ್ಕೆ ಎಸೆದ. ವಂಕ ಐತೇನ ಎಂದು ಒಮ್ಮೆಯೂ ನನ್ನನ್ನು ಕೇಳಲಿಲ್ಲ.